ತಾಮ್ರದ ಅಯಾನಿನ ಆವೇಶವನ್ನು ತಕ್ಕಡಿಯಲ್ಲಿ ಕಂಡುಕೊಂಡದ್ದು

ತಾಮ್ರದ ಪರಮಾಣುವಿನಲ್ಲಿ 29 ಪ್ರೋಟಾನ್, 29 ಎಲೆಕ್ಟ್ರಾನ್. ಎರಡು ಎಲೆಕ್ಟ್ರಾನ್ ಕಳಚಿದರೆ 27 ಉಳಿಯುತ್ತವೆ. ಪ್ರೋಟಾನ್ ಅಷ್ಟೇ ಇರುವುದರಿಂದ ಅದು ಧನ ಅಯಾನು, ಅಂದರೆ ಧನ ಆವೇಶವುಳ್ಳ ಪರಮಾಣು. ಬೋರ್ಡಿನ ಮೇಲೆ ಇದನ್ನು ಬರೆಯುವುದು ಸುಲಭ. ಆದರೆ ಆ ‘ಎರಡು’ ಬಂದದ್ದೆಲ್ಲಿಂದ? ತೂಗಿಯೇ ನೋಡಬಹುದು. ನಾನು ಮಾಡಿದ್ದು ಹೀಗೆ.

25 ಗ್ರಾಂ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ 200 ಮಿ.ಲೀ. ಮಾಡಿಕೊಂಡೆ. ಅದಕ್ಕೆ 5 ಮಿ.ಲೀ. ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ. ತಾಮ್ರದ ಎರಡು ತಗಡು, ಮುಳುಗುವ ಭಾಗ 3×5 ಸೆಂ.ಮೀ., ನಡುವೆ 4 ಸೆಂ.ಮೀ. ಅಂತರ. ಮೇಲ್ತುದಿಯಲ್ಲಿ ಮೊದಲೇ ಗೀರಿ ಗುರುತು ಹಾಕಬೇಕು; ತೂಗಿದ ಮೇಲೆ ಗೀರಿದರೆ ಲೆಕ್ಕ ಕೆಡುತ್ತದೆ. ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ತೊಳೆದು, ಒಣಗಿಸಿ ತೂಗಿದೆ. ಆಮೇಲೆ ಅಂಚು ಬಿಟ್ಟು ಬೇರೆಲ್ಲೂ ಮುಟ್ಟಕೂಡದು. ಬೆರಳಿನ ಜಿಡ್ಡು ತಾಗಿದ ಕಡೆ ಹೊಸ ತಾಮ್ರ ಸರಿಯಾಗಿ ಹಿಡಿಯದೆ ಸಿಪ್ಪೆಯಾಗಿ ಏಳುತ್ತದೆ.

ಡಿ.ಸಿ. ಸಪ್ಲೈ, ಅಮೀಟರ್, ರಿಯೋಸ್ಟಾಟ್ (ಕರೆಂಟ್ ಹೆಚ್ಚುಕಡಿಮೆ ಮಾಡುವ ರೋಧಕ) ಎಲ್ಲವೂ ಸರಣಿಯಲ್ಲಿ. ಧನ ತುದಿಗೆ ಸೇರಿದ ತಗಡು ಆನೋಡ್, ಋಣ ತುದಿಗೆ ಸೇರಿದ್ದು ಕ್ಯಾಥೋಡ್. 0.2 ಆಂಪಿಯರ್, 30 ನಿಮಿಷ. ದ್ರಾವಣ ಬಿಸಿಯಾದಂತೆ ಕರೆಂಟ್ ಸರಿಯುತ್ತದೆ, ಹಾಗಾಗಿ ಎರಡು ನಿಮಿಷಕ್ಕೊಮ್ಮೆ ರಿಯೋಸ್ಟಾಟ್ ತಿದ್ದುತ್ತಿರಬೇಕು.

ಈಗ ಲೆಕ್ಕ. 0.2 ಆಂಪಿಯರ್ × 1800 ಸೆಕೆಂಡ್ ಅಂದರೆ 360 ಕೂಲಂಬ್ ಆವೇಶ. ಒಂದು ಮೋಲ್ ಎಲೆಕ್ಟ್ರಾನಿಗೆ 96,485 ಕೂಲಂಬ್ ಬೇಕು, ಆದ್ದರಿಂದ ಹರಿದದ್ದು 0.00373 ಮೋಲ್ ಎಲೆಕ್ಟ್ರಾನ್. (ಮೋಲ್ ಎಂದರೆ ಕಣಗಳನ್ನು ಎಣಿಸುವ ಒಂದು ದೊಡ್ಡ ಅಳತೆ; ಒಂದು ಮೋಲ್ ತಾಮ್ರ ಸುಮಾರು 63.5 ಗ್ರಾಂ ತೂಗುತ್ತದೆ.) ಪ್ರತಿ ಪರಮಾಣು ಒಂದೊಂದೇ ಎಲೆಕ್ಟ್ರಾನ್ ಬಿಟ್ಟಿದ್ದರೆ ಆನೋಡಿನಿಂದ 0.237 ಗ್ರಾಂ ತಾಮ್ರ ಕರಗಬೇಕಿತ್ತು. ಎರಡೆರಡು ಬಿಟ್ಟಿದ್ದರೆ 0.119 ಗ್ರಾಂ. ತಕ್ಕಡಿಯಲ್ಲಿ ಇಳಿದದ್ದು 0.12ರ ಆಸುಪಾಸು. 0.01 ಗ್ರಾಂ ಮಾತ್ರ ತೋರಿಸುವ ತಕ್ಕಡಿಯಾದರೂ ಒಂದೋ ಎರಡೋ ಎಂಬುದು ತೀರ್ಮಾನವಾಗಿಬಿಡುತ್ತದೆ. ನನಗೆ ಈ ಪ್ರಯೋಗ ಇಷ್ಟವಾಗುವುದು ಅದಕ್ಕೇ.

ಕ್ಯಾಥೋಡಿನಲ್ಲಿ ಅಯಾನುಗಳು ಎಲೆಕ್ಟ್ರಾನ್ ಪಡೆದು ಮತ್ತೆ ಪರಮಾಣುಗಳಾಗಿ ಕೂರುತ್ತವೆ. ಅಲ್ಲಿಯೂ ಅಷ್ಟೇ ತೂಕ ಏರಬೇಕು, ಆದರೆ ಎಡವಟ್ಟಾಗುವುದೂ ಅಲ್ಲೇ. ಬೇಗ ಮುಗಿಸಲೆಂದು 1 ಆಂಪಿಯರಿಗೆ ಏರಿಸಿದರೆ ನಯವಾದ ಕಿತ್ತಳೆ ಪದರದ ಬದಲು ಕಪ್ಪುಗೆಂಪು ಪುಡಿ ಕೂರುತ್ತದೆ, ತೊಳೆಯುವಾಗ ಉದುರಿಹೋಗುತ್ತದೆ. ತೊಳೆದದ್ದನ್ನು ಉರಿಯ ಮೇಲೆ ಒಣಗಿಸಿದರೆ ಆಕ್ಸೈಡ್ ಆಗಿ ತೂಕ ಹೆಚ್ಚು ತೋರಿಸುತ್ತದೆ. ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ, ಅಸಿಟೋನಿನಲ್ಲಿ ಅದ್ದಿ, ಗಾಳಿಗೆ ಬಿಡುವುದೇ ಸರಿ. ಅಸಿಟೋನ್ ಇರುವ ಕಡೆ ಬೆಂಕಿ ಬೇಡ.

ದ್ರಾವಣದ ನೀಲಿ ಕೊನೆಯವರೆಗೂ ಹಾಗೇ ಇರುತ್ತದೆ: ಇತ್ತ ಎಷ್ಟು ಅಯಾನು ಹುಟ್ಟುತ್ತವೋ ಅತ್ತ ಅಷ್ಟೇ ಕಳೆಯುತ್ತವೆ. ತಗಡುಗಳ ಬದಲು ಕಾರ್ಬನ್ ಕಡ್ಡಿ ಹಾಕಿದರೆ ಆನೋಡಿನಲ್ಲಿ ಆಕ್ಸಿಜನ್ ಗುಳ್ಳೆ ಏಳುತ್ತದೆ, ಹೊಸ ತಾಮ್ರದ ಅಯಾನು ಬರುವುದಿಲ್ಲ, ನೀಲಿ ನಿಧಾನಕ್ಕೆ ತೆಳುವಾಗುತ್ತದೆ. ತಗಡಿನಲ್ಲಿ ಮಾಡಿದ ದ್ರಾವಣವನ್ನು ಮೋರಿಗೆ ಚೆಲ್ಲದೆ ಮುಚ್ಚಳದ ಬಾಟಲಿಯಲ್ಲಿಟ್ಟು ಮತ್ತೆ ಬಳಸುತ್ತೇನೆ. ಜಲಚರಗಳಿಗೆ ತಾಮ್ರ ವಿಷ.