ಹಾಲೂಡಿಸುವ ತಾಯಿ ಮಾತ್ರೆ ನುಂಗುವ ಮುನ್ನ: ಕೇಳಬೇಕಾದ್ದು, ಡಾಕ್ಟರು ಹೇಳಲೇಬೇಕಾದ್ದು

ಡಾಕ್ಟರು ಚೀಟಿ ಬರೆಯಲು ಶುರುಮಾಡುವ ಮೊದಲೇ ಹೇಳಿಬಿಡಿ: ಎದೆಹಾಲು ಕುಡಿಸುತ್ತಿದ್ದೇನೆ, ಮಗುವಿಗೆ ಇಷ್ಟು ದಿನ, ತೂಕ ಇಷ್ಟು. ದಿನ ತುಂಬುವ ಮೊದಲೇ ಹುಟ್ಟಿದ್ದರೆ, ಕಾಮಾಲೆ ಇದ್ದರೆ, ಮಗುವಿಗೂ ಏನಾದರೂ ಔಷಧಿ ನಡೆಯುತ್ತಿದ್ದರೆ ಅದನ್ನೂ ಸೇರಿಸಿ. ಹೆರಿಗೆ ಡಾಕ್ಟರಿಗೆ ಇದೆಲ್ಲ ಗೊತ್ತಿರುತ್ತದೆ. ಹಲ್ಲಿನವರಿಗೆ, ಚರ್ಮದವರಿಗೆ, ಮೂಳೆಯವರಿಗೆ ಗೊತ್ತಿರುವುದಿಲ್ಲ. ಮಗುವನ್ನು ಅಮ್ಮನ ಹತ್ತಿರ ಬಿಟ್ಟು ಒಬ್ಬರೇ ಹೋದ ದಿನವೇ ಈ ಪ್ರಶ್ನೆ ತಪ್ಪಿಹೋಗುತ್ತದೆ.

ಮಗುವಿನ ವಯಸ್ಸು ಯಾಕೆ ಮುಖ್ಯ? ಎಳೆಗೂಸಿನ ಯಕೃತ್ತು, ಮೂತ್ರಪಿಂಡ ಇನ್ನೂ ಬಲಿತಿರುವುದಿಲ್ಲ. ಔಷಧಿ ಮೈಯಿಂದ ಹೊರಹೋಗಲು ಹೊತ್ತು ಹಿಡಿಯುತ್ತದೆ, ಮುಂದಿನ ಡೋಸ್ ಅದರ ಮೇಲೆ ಬಂದು ಕೂರುತ್ತದೆ. ಎದೆಹಾಲಿನ ಮೂಲಕ ಆದ ತೊಂದರೆಗಳಲ್ಲಿ ಹೆಚ್ಚಿನವು ಎರಡು ತಿಂಗಳೊಳಗಿನ ಮಕ್ಕಳವು. ಎಂಟು ತಿಂಗಳಾಗಿ ರಾಗಿ ಸರಿ ತಿನ್ನುವ ಮಗುವಿಗೆ ಅದೇ ಮಾತ್ರೆ ಅಷ್ಟು ಚಿಂತೆಯದಲ್ಲ.

ಆಮೇಲೆ ನಾಲ್ಕು ಪ್ರಶ್ನೆ ಕೇಳಿ. ಇದು ಹಾಲಿಗೆ ಎಷ್ಟು ಇಳಿಯುತ್ತದೆ? ಮಗುವಿನಲ್ಲಿ ಏನು ಗಮನಿಸಬೇಕು? ಹಾಲು ಕಡಿಮೆಯಾಗುತ್ತದೆಯೇ? ಇದಕ್ಕಿಂತ ನಿರಪಾಯದ ಬದಲಿ ಇದೆಯೇ? ಉತ್ತರವನ್ನು ಚೀಟಿಯ ಮೇಲೇ ಬರೆಸಿಕೊಳ್ಳಿ. "ಏನೂ ಆಗಲ್ಲ" ಎಂಬುದು ಉತ್ತರವಲ್ಲ. "ಸುಮ್ಮನೆ ಹಾಲು ನಿಲ್ಲಿಸಿಬಿಡಿ" ಎಂಬುದೂ ಅಲ್ಲ. ನಿಲ್ಲಿಸಿದರೆ ಎದೆ ಕಟ್ಟಿ ಕೀವಾಗಬಹುದು, ಹಾಲು ಬತ್ತಬಹುದು, ಮಗು ಡಬ್ಬಿ ಹಾಲಿಗೆ ಬಿದ್ದು ಭೇದಿಗೆ ಸಿಕ್ಕಬಹುದು. ನಿಲ್ಲಿಸಿ ಅನ್ನುವವರು ಯಾಕೆ, ಎಷ್ಟು ದಿನ ಅನ್ನುವುದನ್ನೂ ಹೇಳಬೇಕು.

ಡಾಕ್ಟರಿಗೆ ಅನುಮಾನವಿದ್ದರೆ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಲ್ಯಾಕ್ಟ್‌ಮೆಡ್ ಎಂಬ, ಎದೆಹಾಲಿಗೆ ಇಳಿಯುವ ಔಷಧಿಗಳ ಮಾಹಿತಿ ಕೋಶ ನೋಡಬಹುದು, ಉಚಿತ. ಅಲ್ಲಿ ಸಿಗುವ ಒಂದು ಲೆಕ್ಕ: ತಾಯಿಗೆ ಕಿಲೋ ತೂಕಕ್ಕೆ ಬೀಳುವ ಡೋಸಿನ ಶೇಕಡಾ ಎಷ್ಟು ಭಾಗ ಮಗುವಿಗೆ ಅದರ ಕಿಲೋ ತೂಕಕ್ಕೆ ಸಿಗುತ್ತದೆ ಎಂಬುದು. ಶೇ. 10ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಒಪ್ಪಬಹುದು. ಆದರೆ ಕ್ಯಾನ್ಸರಿನ ಔಷಧಿಯಂಥ ವಿಷಕಾರಿ ವಸ್ತುವಿಗೆ ಈ ಲೆಕ್ಕ ನಂಬಬಾರದು.

ನೋವು, ಶೀತ, ಕೆಮ್ಮು

ಪ್ಯಾರಸಿಟಮಾಲ್ 500 ಮಿ.ಗ್ರಾಂನಿಂದ 1 ಗ್ರಾಂವರೆಗೆ ಆರು ಗಂಟೆಗೊಮ್ಮೆ, ದಿನಕ್ಕೆ 4 ಗ್ರಾಂ ಮೀರದಂತೆ ತೆಗೆದುಕೊಳ್ಳಬಹುದು. ಐಬುಪ್ರೊಫೆನ್ 400 ಮಿ.ಗ್ರಾಂ ಊಟವಾದ ಮೇಲೆ ದಿನಕ್ಕೆ ಮೂರು ಸಲ ಆಗಬಹುದು. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಡೆಂಗಿಯ ಅನುಮಾನ ಇದ್ದರೆ ಬೇಡ. ಎರಡೂ ಹಾಲಿಗೆ ಹೋಗುವುದು ಅತ್ಯಲ್ಪ. ನೋವಿಗೆಂದು ಆಸ್ಪಿರಿನ್ ಬೇಡ.

ಎಚ್ಚರ ಬೇಕಾದದ್ದು ಟ್ರಾಮಡಾಲ್ ಮತ್ತು ಕೋಡೀನ್ ವಿಷಯದಲ್ಲಿ. ಸಿಸೇರಿಯನ್ ಆದವರಿಗೆ ಪ್ಯಾರಸಿಟಮಾಲ್ ಜೊತೆ ಟ್ರಾಮಡಾಲ್ ಸೇರಿಸಿದ ಮಾತ್ರೆ ಕೊಡುವುದುಂಟು; ಕೋಡೀನ್ ಕೆಲವು ಕೆಮ್ಮಿನ ಸಿರಪ್‌ನಲ್ಲಿರುತ್ತದೆ. ಕೆಲವರ ಯಕೃತ್ತು ಹುಟ್ಟುಗುಣದಿಂದಲೇ ಕೋಡೀನನ್ನು ಬಹು ಬೇಗ ಮಾರ್ಫೀನ್ ಮಾಡುತ್ತದೆ, ಟ್ರಾಮಡಾಲನ್ನೂ ಹಾಗೆಯೇ ಹೆಚ್ಚು ಬಲದ ವಸ್ತುವಾಗಿಸುತ್ತದೆ. ಅದು ಹಾಲಿಗೆ ಇಳಿದರೆ ಮಗುವಿಗೆ ವಿಪರೀತ ಮಂಪರು, ಉಸಿರಾಟ ಕುಗ್ಗುವ ಅಪಾಯ. ತಾಯಿ ಇಂಥವಳೆಂದು ಮುಖ ನೋಡಿ ಹೇಳಲಾಗದು. ಅದಕ್ಕೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2017ರ ಏಪ್ರಿಲ್‌ನಲ್ಲಿ ಹಾಲೂಡಿಸುವವರಿಗೆ ಇವೆರಡೂ ಬೇಡ ಎಂದಿತು. ಮಾತ್ರೆಯ ಶೀಟಿನ ಹಿಂಬದಿ ತಿರುಗಿಸಿ, ಬ್ರ್ಯಾಂಡ್ ಹೆಸರಿನ ಕೆಳಗಿರುವ ಸಣ್ಣಕ್ಷರ ಓದಿ. "ಟ್ರಾಮಡಾಲ್ ಹೈಡ್ರೋಕ್ಲೋರೈಡ್" ಅಂತ ಕಂಡರೆ ನುಂಗುವ ಮೊದಲು ಫೋನ್ ಮಾಡಿ.

ಶೀತದ ಮಾತ್ರೆಯದು ಬೇರೆ ತೊಂದರೆ. ಮೂಗು ಬಿಡಿಸುವ ಸ್ಯೂಡೋಎಫೆಡ್ರಿನ್ 60 ಮಿ.ಗ್ರಾಂನ ಒಂದೇ ಡೋಸ್ ಆ ದಿನದ ಹಾಲನ್ನು ಸುಮಾರು ಕಾಲು ಭಾಗ ಇಳಿಸಿದ್ದು ಅಧ್ಯಯನದಲ್ಲಿ ಕಂಡಿದೆ. ಉಪ್ಪುನೀರಿನ ಮೂಗಿನ ಡ್ರಾಪ್ಸ್, ಹಬೆ ಸಾಕು.

ಆಂಟಿಬಯೋಟಿಕ್ ಮತ್ತು ಉಳಿದವು

ಅಮಾಕ್ಸಿಸಿಲಿನ್, ಸೆಫಲೆಕ್ಸಿನ್‌ಗೆ ಹಾಲು ನಿಲ್ಲಿಸಬೇಕಿಲ್ಲ. ಮಗುವಿಗೆ ಮಲ ತೆಳ್ಳಗಾಗಬಹುದು, ಬಾಯಲ್ಲಿ ಬಿಳಿ ಪೊರೆ ಕಟ್ಟಬಹುದು; ಒರೆಸಿದರೆ ಹೋಗದ ಬಿಳಿಪಾದರೆ ತೋರಿಸಿ. ಮೆಟ್ರೊನಿಡಜೋಲ್ 400 ಮಿ.ಗ್ರಾಂ ದಿನಕ್ಕೆ ಮೂರು ಸಲವಾದರೆ ಹಾಲೂಡಿಸಬಹುದು, ಹಾಲಿನ ರುಚಿ ಕೆಡುವುದರಿಂದ ಮಗು ಮುಖ ತಿರುಗಿಸೀತು. ಒಂದೇ ಸಲಕ್ಕೆ 2 ಗ್ರಾಂ ನುಂಗಿಸಿದರೆ 12ರಿಂದ 24 ಗಂಟೆಯ ಹಾಲನ್ನು ಹಿಂಡಿ ಚೆಲ್ಲುವುದು ವಾಡಿಕೆ. ಆ ಹೊತ್ತಿಗೆ ಬೇಕಾದಷ್ಟು ಹಾಲನ್ನು ಮೊದಲೇ ಹಿಂಡಿಟ್ಟುಕೊಳ್ಳಿ. ಕೋಟ್ರೈಮಾಕ್ಸಜೋಲ್ ಕಾಮಾಲೆ ಇರುವ, ದಿನ ತುಂಬದ ಅಥವಾ ಜಿ6ಪಿಡಿ (ಕೆಂಪು ರಕ್ತಕಣವನ್ನು ಕಾಯುವ ಕಿಣ್ವ) ಕೊರತೆಯಿರುವ ಕೂಸಿನ ತಾಯಿಗೆ ಬೇಡ. ಮೂತ್ರದ ಸೋಂಕಿಗೆ ಕೊಡುವ ನೈಟ್ರೋಫ್ಯುರಾಂಟಾಯಿನ್ ಕೂಡ ಜಿ6ಪಿಡಿ ಕೊರತೆಯಿರುವ ಅಥವಾ ಹುಟ್ಟಿ ಒಂದು ತಿಂಗಳಾಗದ ಕೂಸಿದ್ದರೆ ಬೇಡ.

ಈಸ್ಟ್ರೋಜನ್ ಇರುವ ಗರ್ಭನಿರೋಧಕ ಗುಳಿಗೆ ಹಾಲು ಕಡಿಮೆ ಮಾಡಬಹುದು. ಆರು ತಿಂಗಳು ಬೇಡ. ಕಾಪರ್-ಟಿ, ವಾರಕ್ಕೊಂದರಂತೆ ನುಂಗುವ, ಈಸ್ಟ್ರೋಜನ್ ಇಲ್ಲದ ಛಾಯಾ ಗುಳಿಗೆ (ಮೊದಲ ಮೂರು ತಿಂಗಳು ವಾರಕ್ಕೆರಡು) ಆಗುತ್ತವೆ. ಹಾಲು ಹೆಚ್ಚಿಸಲು ಡೊಂಪೆರಿಡೋನ್ ಬರೆದರೆ, ನಿಮಗೆ ಹೃದಯದ ತೊಂದರೆಯಿದ್ದರೆ ಅಥವಾ ಎರಿತ್ರೊಮೈಸಿನ್ ನಡೆಯುತ್ತಿದ್ದರೆ ಮೊದಲೇ ಹೇಳಿ.

ನಿಜವಾಗಿ ನಿಲ್ಲಿಸಬೇಕಾದವು ಕಡಿಮೆ: ಥೈರಾಯ್ಡಿಗೆ ಕೊಡುವ ವಿಕಿರಣ ಅಯೋಡಿನ್-131, ಕ್ಯಾನ್ಸರಿನ ಕಿಮೋ. ಸಿಟಿ, ಎಂಆರ್‌ಐನ ಕಾಂಟ್ರಾಸ್ಟ್ ಇಂಜೆಕ್ಷನ್‌ಗೆ, ಹಲ್ಲು ಕೀಳುವಾಗಿನ ಮರಗಟ್ಟಿಸುವ ಇಂಜೆಕ್ಷನ್‌ಗೆ ನಿಲ್ಲಿಸಬೇಕಿಲ್ಲ. ಫಿಟ್ಸ್, ಬಿಪಿ, ಥೈರಾಯ್ಡ್, ಖಿನ್ನತೆಯ ಮಾತ್ರೆಗಳನ್ನು ಮಾತ್ರ ಹೆದರಿ ತಟ್ಟನೆ ಬಿಡಬೇಡಿ. ತಾಯಿಗೆ ಫಿಟ್ಸ್ ಬಂದು ಮಗು ಕೈಜಾರುವುದು ಹಾಲಿಗಿಳಿಯುವ ಹನಿ ಔಷಧಿಗಿಂತ ದೊಡ್ಡ ಅಪಾಯ.

ಮಗುವಿನಲ್ಲಿ ನೋಡುವುದು

ಹಾಲು ಕುಡಿಸಿದ ಕೂಡಲೇ, ಅದರಲ್ಲೂ ಮಗು ಉದ್ದ ನಿದ್ದೆ ಮಾಡುವ ಮುನ್ನ ಮಾತ್ರೆ ತೆಗೆದುಕೊಳ್ಳಿ. ಬೇಗ ಕರಗಿಹೋಗುವ ಔಷಧಿಗೆ ಇದು ಫಲಿಸುತ್ತದೆ. ದಿನಗಟ್ಟಲೆ ಮೈಯಲ್ಲಿ ಉಳಿಯುವುದಕ್ಕೆ ಪ್ರಯೋಜನವಿಲ್ಲ.

ಹೊಸ ಔಷಧಿ ಶುರುವಾದ ಹೊತ್ತನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯಿರಿ. ಐದು ದಿನ ದಾಟಿದ ಮಗು ದಿನಕ್ಕೆ ಆರಾದರೂ ಬಟ್ಟೆ ಒದ್ದೆ ಮಾಡಬೇಕು, ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯಬೇಕು. ಕಡಿಮೆಯಾದರೆ, ಮೈಮೇಲೆ ಗುಳ್ಳೆ ಎದ್ದರೆ ಅಂದೇ ಡಾಕ್ಟರಿಗೆ ಹೇಳಿ. ಅಂಗಾಲು ಉಜ್ಜಿದರೂ ಎಚ್ಚರಗೊಳ್ಳದಿದ್ದರೆ, ಎತ್ತಿದಾಗ ಕೈಕಾಲು ಜೋಲುಬಿದ್ದರೆ, ಉಸಿರು ನಿಧಾನವಾದರೆ, ತುಟಿ ನೀಲಿಗಟ್ಟಿದರೆ 108ಕ್ಕೆ ಕರೆ ಮಾಡಿ. ಮಾತ್ರೆಯ ಶೀಟನ್ನು ಜೊತೆಗೇ ಒಯ್ಯಿರಿ. "ಬಾಣಂತಿ ಮಗು, ನಿದ್ದೆ ಮಾಡ್ಲಿ ಬಿಡು" ಎಂಬ ಮಾತು ಕೇಳಿ ಕಾಯಬೇಡಿ.

ಎಚ್ಚರಿಕೆ ಹೇಳದಿದ್ದರೆ

ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಚಿಕಿತ್ಸೆಗೆ ಒಪ್ಪಿಗೆ ಪಡೆಯುವಾಗ ಅದರ ಸ್ವರೂಪ, ಬದಲಿ ದಾರಿಗಳು, ಗಣನೀಯ ಅಪಾಯಗಳನ್ನು ತಿಳಿಸಬೇಕು ಎಂದಿತು; ಎಲ್ಲೋ ಒಮ್ಮೆ ಆಗುವುದನ್ನೆಲ್ಲ ಪಟ್ಟಿ ಮಾಡಬೇಕಿಲ್ಲ ಎಂದೂ ಹೇಳಿತು. ಹಾಲೂಡಿಸುವವಳಿಗೆ ಟ್ರಾಮಡಾಲ್ ಬರೆದು ಮಗುವಿನ ಮಂಪರಿನ ಬಗ್ಗೆ ಚಕಾರವೆತ್ತದಿರುವುದನ್ನು ಎಲ್ಲೋ ಒಮ್ಮೆ ಆಗುವುದರ ಲೆಕ್ಕಕ್ಕೆ ಸೇರಿಸಲಾಗದು ಎಂಬುದು ನಮ್ಮ ನಿಲುವು. ಆದರೆ ಪರಿಹಾರಕ್ಕೆ, ಹೇಳದಿದ್ದುದರಿಂದಲೇ ಹಾನಿಯಾಯಿತು ಎಂದು ತೋರಿಸಬೇಕು. ಹಾಗಾಗಿ ಚೀಟಿ, ಬಿಲ್, ಬ್ಯಾಚ್ ನಂಬರ್ ಇರುವ ಶೀಟಿನ ತುಂಡು ಬಿಸಾಡಬೇಡಿ. ಆಸ್ಪತ್ರೆಗೆ ಬರಹದಲ್ಲಿ ದಾಖಲೆ ಕೇಳಿದರೆ 2002ರ ವೈದ್ಯಕೀಯ ನಡತೆ ನಿಯಮದಂತೆ 72 ಗಂಟೆಯೊಳಗೆ ಕೊಡಬೇಕು. ನಡತೆಯ ದೂರು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. ಹಣ ಕೊಟ್ಟು ಪಡೆದ ಚಿಕಿತ್ಸೆಯಾದರೆ ಎರಡು ವರ್ಷದೊಳಗೆ ಗ್ರಾಹಕ ಆಯೋಗಕ್ಕೂ ಹೋಗಬಹುದು.

ತಪ್ಪು ಯಾರದೇ ಇರಲಿ, ಅಡ್ಡಪರಿಣಾಮವನ್ನು 1800-180-3024ಕ್ಕೆ ತಿಳಿಸಿ. ಇದು ಭಾರತದ ಔಷಧ ಸುರಕ್ಷತಾ ನಿಗಾ ಕಾರ್ಯಕ್ರಮದ ಉಚಿತ ದೂರವಾಣಿ. ಮಗುವಿನ ವಯಸ್ಸು, ನಿಮ್ಮ ಡೋಸ್, ಲಕ್ಷಣ ಶುರುವಾದ ಹೊತ್ತು, ಮಾತ್ರೆ ನಿಲ್ಲಿಸಿದ ಮೇಲೆ ಏನಾಯಿತು ಎಂಬುದನ್ನು ಕೈಯಲ್ಲಿಟ್ಟುಕೊಂಡೇ ಕರೆ ಮಾಡಿ.