ವೋಲ್ಟ್, ಆಂಪಿಯರ್ ಗೊತ್ತಿದ್ದರೆ ಓಮ್, ವ್ಯಾಟ್ ಲೆಕ್ಕ ಹಾಕುವುದು ಹೇಗೆ?

ವೋಲ್ಟೇಜನ್ನು (ವೋಲ್ಟ್) ಕರೆಂಟಿನಿಂದ (ಆಂಪಿಯರ್) ಭಾಗಿಸಿದರೆ ರೆಸಿಸ್ಟೆನ್ಸ್ (ಓಮ್) ಸಿಗುತ್ತದೆ. ಎರಡನ್ನೂ ಗುಣಿಸಿದರೆ ಪವರ್ (ವ್ಯಾಟ್). 12 ವೋಲ್ಟ್‌ನಲ್ಲಿ 0.5 ಆಂಪಿಯರ್ ಹರಿಯುತ್ತಿದ್ದರೆ 24 ಓಮ್, 6 ವ್ಯಾಟ್. ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ಆ ಭಾಗಾಕಾರದ ನಿಯಮ ಶಾಲೆ ಕಲಿತ ಎಲ್ಲರಿಗೂ ಬಾಯಿಪಾಠ. ಆದರೂ ಎಲ್‌ಇಡಿ ಸುಟ್ಟುಕೊಳ್ಳುವವರು ಬೇಕಾದಷ್ಟು ಜನ. ಅವರು ಎಡವುವುದು ಸೂತ್ರಕ್ಕೆ ಹಾಕುವ ಅಂಕಿಗಳಲ್ಲಿ.

ಮೊದಲು ವೋಲ್ಟೇಜ್ ಅಳೆಯಿರಿ. ವೋಲ್ಟ್, ಆಂಪಿಯರ್, ಓಮ್ ಮೂರನ್ನೂ ಅಳೆಯುವ ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ರೆಸಿಸ್ಟರಿನ (ಕರೆಂಟನ್ನು ತಡೆಯುವ ಬಿಡಿಭಾಗ) ಎರಡು ತುದಿಗೆ ಮುಟ್ಟಿಸಿದರೆ ಆಯಿತು.

ಆಮೇಲೆ ಕರೆಂಟ್. ಇದಕ್ಕೆ ಸರ್ಕ್ಯೂಟನ್ನು ಒಂದು ಕಡೆ ಬಿಡಿಸಿ, ಆ ಜಾಗಕ್ಕೆ ಮೀಟರ್ ಸೇರಿಸಬೇಕು. ಕೆಂಪು ವೈರನ್ನು ಆಂಪಿಯರ್ ತೂತಿಗೆ ಹಾಕಬೇಕು. ಅಳೆದು ಮುಗಿದ ಕೂಡಲೇ ಅದನ್ನು ವೋಲ್ಟ್ ತೂತಿಗೆ ವಾಪಸ್ ಹಾಕಿ. ಮರೆತು ಹಾಗೇ ಬ್ಯಾಟರಿಗೆ ಮುಟ್ಟಿಸಿದರೆ ನೇರ ಶಾರ್ಟ್. ಅಗ್ಗದ ಎಷ್ಟೋ ಮೀಟರ್‌ಗಳಲ್ಲಿ 10 ಆಂಪಿಯರ್ ತೂತಿಗೆ ಫ್ಯೂಸೇ ಇರುವುದಿಲ್ಲ, ತೂತಿನ ಪಕ್ಕ ‘ಅನ್‌ಫ್ಯೂಸ್ಡ್’ ಅಂತ ಸಣ್ಣದಾಗಿ ಬರೆದಿರುತ್ತಾರೆ. ಅಂಥದ್ದನ್ನು ಕೊಳ್ಳಲೇಬೇಡಿ. ಮನೆಯ ಪ್ಲಗ್ಗಿನ ಕರೆಂಟನ್ನು ಹೀಗೆ ಅಳೆಯಲು ಹೋಗಬೇಡಿ, ಅದಕ್ಕೆ ವೈರನ್ನು ಹೊರಗಿನಿಂದಲೇ ಹಿಡಿಯುವ ಕ್ಲ್ಯಾಂಪ್ ಮೀಟರ್ ಇದೆ.

ಈಗ ಜಾಸ್ತಿ ಜನ ತಪ್ಪುವ ಜಾಗಕ್ಕೆ ಬರೋಣ. 12 ವೋಲ್ಟ್ ಸಪ್ಲೈ, ಒಂದು ಕೆಂಪು ಎಲ್‌ಇಡಿ, ಅದಕ್ಕೆ 20 ಮಿಲಿಆಂಪಿಯರ್ ಬೇಕು. ಎಷ್ಟು ಓಮ್ ರೆಸಿಸ್ಟರ್ ಹಾಕಬೇಕು? ಕೆಲವರು 12ನ್ನು ಸೀದಾ 20ರಿಂದ ಭಾಗಿಸಿ 0.6 ಓಮ್ ಅನ್ನುತ್ತಾರೆ. ಅದನ್ನು ಹಾಕಿದರೆ ಎಲ್‌ಇಡಿ ಆ ಕ್ಷಣವೇ ಹೋಯಿತು. ಮಿಲಿಆಂಪಿಯರನ್ನು ಮೊದಲು ಸಾವಿರದಿಂದ ಭಾಗಿಸಿ ಆಂಪಿಯರ್ ಮಾಡಿಕೊಳ್ಳಿ: 0.02. ಈಗ 600 ಓಮ್ ಬಂತು, ಅಲ್ವಾ? ಇದೂ ಸರಿಯಲ್ಲ. ಆ 12 ವೋಲ್ಟ್ ಪೂರ್ತಿ ರೆಸಿಸ್ಟರಿನ ಪಾಲಿಗೆ ಬರುವುದಿಲ್ಲ. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತಾನೇ ಇಟ್ಟುಕೊಳ್ಳುತ್ತದೆ. ರೆಸಿಸ್ಟರಿಗೆ ಉಳಿಯುವುದು 10. ಹತ್ತನ್ನು 0.02ರಿಂದ ಭಾಗಿಸಿ: 500 ಓಮ್. ಯಾವ ವಸ್ತುವಿನ ಲೆಕ್ಕ ಮಾಡುತ್ತೀರೋ ಅದರ ಎರಡು ತುದಿಗಳ ನಡುವಿನ ವೋಲ್ಟೇಜನ್ನೇ ತೆಗೆದುಕೊಳ್ಳಬೇಕು. ಸಪ್ಲೈ ಮೇಲೆ ಬರೆದ ಅಂಕಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಅಂಗಡಿಯಲ್ಲಿ 500 ಸಿಗದಿದ್ದರೆ 560 ತನ್ನಿ. ಕರೆಂಟ್ 18 ಮಿಲಿಆಂಪಿಯರ್ ಆಸುಪಾಸಿಗೆ ಇಳಿಯುತ್ತದೆ, ಬೆಳಕಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ.

ಪವರಿಗೂ ಅದೇ ಅಂಕಿಗಳು. 500 ಓಮಿನ ಲೆಕ್ಕದಲ್ಲಿ 10 ಗುಣಿಸು 0.02, ಅಂದರೆ 0.2 ವ್ಯಾಟ್. ಕಾಲು ವ್ಯಾಟ್ ರೆಸಿಸ್ಟರ್ ತಡೆದುಕೊಳ್ಳುತ್ತದೆ, ಆದರೆ ಬೆರಳಿಟ್ಟರೆ ಚುರುಕ್ ಅನ್ನುವಷ್ಟು ಬಿಸಿಯಾಗುತ್ತದೆ. ಲೆಕ್ಕದಲ್ಲಿ ಬಂದದ್ದರ ಎರಡರಷ್ಟಾದರೂ ತಾಳುವಂಥದ್ದೇ ಇರಲಿ. ಇಲ್ಲಿ ಅರ್ಧ ವ್ಯಾಟಿನದನ್ನೇ ಹಾಕಿ.

ಬಲ್ಬಿನ ರೆಸಿಸ್ಟೆನ್ಸನ್ನು ಸುಮ್ನೆ ಓಮ್‌ಮೀಟರಿನಲ್ಲಿ ಅಳೆದು ಪವರ್ ಲೆಕ್ಕ ಹಾಕುವ ಅಡ್ಡದಾರಿ ಬೇಡ. 12 ವೋಲ್ಟಿನ 24 ವ್ಯಾಟ್ ಫಿಲಮೆಂಟ್ ಬಲ್ಬ್ ಉರಿಯುವಾಗ 2 ಆಂಪಿಯರ್ ಎಳೆಯುತ್ತದೆ, ಅಂದರೆ 6 ಓಮ್. ತಣ್ಣಗಿದ್ದಾಗ ಮೀಟರ್ ಒಂದು ಓಮ್ ಕೂಡ ತೋರಿಸುವುದಿಲ್ಲ. ಉರಿಯುತ್ತಿರುವಾಗಲೇ ವೋಲ್ಟೇಜ್, ಕರೆಂಟ್ ಎರಡನ್ನೂ ಅಳೆಯಬೇಕು.

ಸಿಂಗಲ್ ಫೇಸ್ ಎಸಿ ಮೋಟಾರಿಗೆ ವೋಲ್ಟೇಜ್, ಕರೆಂಟ್‌ಗಳ ಬರೀ ಗುಣಾಕಾರ ಸಾಲದು, ಪವರ್ ಫ್ಯಾಕ್ಟರಿನಿಂದಲೂ (ಆ ಗುಣಲಬ್ಧದಲ್ಲಿ ನಿಜವಾದ ಪವರ್ ಎಷ್ಟು ಪಾಲು ಅನ್ನುವ ಅಂಕಿ) ಗುಣಿಸಬೇಕು. ಅದು 0.8 ಇದ್ದರೆ, 200 ವೋಲ್ಟಿನಲ್ಲಿ 2 ಆಂಪಿಯರ್ ಎಳೆಯುವ ಮೋಟಾರಿನ ಪವರ್ 320 ವ್ಯಾಟ್.