ಅಜ್ಜನ ಹಳೇ ಫೋಟೋ ಉಳಿಸ್ಕೊಳ್ಳೋದು ಹೇಗೆ? ಸ್ಕ್ಯಾನರ್ ಹುಡುಕೋ ಮೊದ್ಲು ಅಜ್ಜಿ ಪಕ್ಕ ಕೂತ್ಕೊಳ್ಳಿ

ಅಜ್ಜ ತೀರ್ಕೊಂಡು ವರ್ಷಾಂತಿಕ ಮುಗಿಯೋ ಹೊತ್ತಿಗೆ ಮೊಮ್ಮಕ್ಕಳಲ್ಲಿ ಯಾರಾದ್ರೂ ಒಬ್ರಿಗೆ ಹುರುಪು ಬರತ್ತೆ, ಟ್ರಂಕಲ್ಲಿರೋ ಫೋಟೋ ಎಲ್ಲಾ ಸ್ಕ್ಯಾನ್ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕೋಣ ಅಂತ. ಒಳ್ಳೇದೇ, ಮಾಡಿ. ಆದ್ರೆ ಸ್ಕ್ಯಾನಿಂಗ್‌ಗೆ ಅಷ್ಟು ಅರ್ಜೆಂಟಿಲ್ಲ. ಸರಿಯಾಗಿ ತೊಳೆದು ಪ್ರಿಂಟ್ ಹಾಕಿರೋ ಕಪ್ಪು ಬಿಳುಪು ಫೋಟೋ ಒಣಗಿದ ಜಾಗದಲ್ಲಿದ್ರೆ ಇನ್ನೂ ಎಷ್ಟೋ ವರ್ಷ ಆರಾಮಾಗಿ ಇರತ್ತೆ, ಅದ್ರಲ್ಲಿ ಅಜ್ಜನ ಎಡಗಡೆ ಕೋಟು ಪೇಟ ಹಾಕ್ಕೊಂಡು ನಿಂತಿರೋದು ಯಾರು ಅಂತ ಹೇಳೋಕೆ ಗೊತ್ತಿರೋ ಅಜ್ಜಿ ಅಷ್ಟು ವರ್ಷ ಇರಲ್ಲ. ಹಳೇ ಫೋಟೋದಲ್ಲಿ ಮೊದ್ಲು ಅಳಿಸಿ ಹೋಗೋದು ಹೆಸರುಗಳು, ಬಣ್ಣ ಆಮೇಲೆ. ಅದಕ್ಕೆ ಈ ಕೆಲಸನ ಹೆಸರುಗಳಿಂದ್ಲೇ ಶುರು ಮಾಡ್ಬೇಕು ಅನ್ನೋದು ನನ್ನ ವಾದ.

ಒಂದನೇ ಕೆಲಸ: ಹೆಸರು ಕೇಳಿ, ರೆಕಾರ್ಡ್ ಮಾಡಿ

ಫೋಟೋಗಳನ್ನ ಇರೋ ಹಾಗೇ ತಗೊಂಡು ಒಂದೊಂದಕ್ಕೆ ಒಂದು ನಂಬರ್ ಚೀಟಿ ಇಡಿ, ಫೋಟೋಗೆ ಅಂಟಿಸ್ಬೇಡಿ, ಸುಮ್ನೆ ಒಳಗಿಡಿ. ಮೊಬೈಲಲ್ಲಿ ಹಾಗೇ ಒಂದೊಂದು ಫೋಟೋ ಹೊಡ್ಕೊಳ್ಳಿ, ಇದು ಬರೀ ಗುರುತಿಗೆ. ಆಮೇಲೆ ಅಜ್ಜಿ ಜೊತೆ, ಅಜ್ಜಿ ಇಲ್ಲಾಂದ್ರೆ ದೊಡ್ಡಪ್ಪನೋ ಸೋದರತ್ತೆನೋ ಯಾರು ಮನೇಲಿ ಹಿರಿಯರೋ ಅವ್ರ ಜೊತೆ ಮಧ್ಯಾಹ್ನ ಊಟ ಆದ್ಮೇಲೆ ಕೂತ್ಕೊಳ್ಳಿ. ಮೊಬೈಲ್ ಏರೋಪ್ಲೇನ್ ಮೋಡಿಗೆ ಹಾಕಿ, ಫ್ಯಾನ್ ಆಫ್ ಮಾಡಿ, ವಾಯ್ಸ್ ರೆಕಾರ್ಡರ್ ಆನ್ ಮಾಡಿ ಅವ್ರಿಂದ ಒಂದು ಗೇಣು ದೂರದಲ್ಲಿ ಮೆತ್ತಗಿನ ಬಟ್ಟೆ ಮೇಲಿಡಿ. ವಿಡಿಯೋ ಬೇಡ ಅನ್ನೋದು ನನ್ನ ಅಭಿಪ್ರಾಯ, ಕ್ಯಾಮೆರಾ ಕಂಡ ತಕ್ಷಣ ಅಜ್ಜಿ ಸೆರಗು ಸರಿ ಮಾಡ್ಕೊಂಡು ಭಾಷಣದ ಕನ್ನಡ ಶುರು ಮಾಡ್ತಾರೆ.

"ಅಜ್ಜನ ಬಗ್ಗೆ ಏನಾದ್ರೂ ಹೇಳಿ ಅಜ್ಜಿ" ಅಂತ ಕೇಳಿದ್ರೆ "ದೇವ್ರಂಥ ಮನುಷ್ಯ ಕಣೋ" ಅಂತ ಮುಗಿಸ್ತಾರೆ. ಫೋಟೋ ಕೈಗೆ ಕೊಟ್ಟು ಸಣ್ಣ ಸಣ್ಣದು ಕೇಳಿ. ಈ ಸೈಕಲ್ ಯಾರ್ದು, ಈ ಜಗಲಿ ಯಾವ ಮನೇದು, ಇಲ್ಲಿ ನೀವ್ ಯಾಕಿಲ್ಲ, ಫೋಟೋ ತೆಗೆದೋರು ಯಾರು, ಸ್ಟುಡಿಯೋಗೆ ಹೋಗಿದ್ದು ಯಾವ ನೆಪಕ್ಕೆ. ಹೀಗೆ ಕೇಳ್ತಾ ಹೋದ್ರೆ ಒಂದು ಸೈಕಲ್ಲಿಂದ ಅಜ್ಜ ಮೇಷ್ಟ್ರ ಕೆಲಸಕ್ಕೆ ದಿನಾ ಎಷ್ಟು ದೂರ ತುಳೀತಿದ್ರು ಅನ್ನೋದು ಬರತ್ತೆ, ಅಲ್ಲಿಂದ ಆ ವರ್ಷದ ಬರಗಾಲ ಬರತ್ತೆ, ಅಲ್ಲಿಂದ ಯಾರೋ ಸಾಲ ತೀರಿಸ್ದೇ ಇದ್ದ ಕಥೆ ಬರತ್ತೆ. ತಡೀಬೇಡಿ. ಇಬ್ರು ಹಿರಿಯರನ್ನ ಒಟ್ಟಿಗೆ ಕೂರಿಸಿದ್ರೆ ಇನ್ನೂ ಒಳ್ಳೇದು, "ಅದು ಅವ್ನಲ್ಲ, ಅವ್ನ ತಮ್ಮ" ಅಂತ ಜಗಳ ಆಗತ್ತೆ, ಆ ಜಗಳನೂ ರೆಕಾರ್ಡ್ ಆಗ್ಲಿ. ಒಂದು ಗಂಟೆ ಆದ್ಮೇಲೆ ನಿಲ್ಲಿಸಿ ಕಾಫಿ ಕೊಡಿ, ಉಳಿದಿದ್ದು ಇನ್ನೊಂದು ದಿನ.

ಬರ್ಕೊಳ್ಳೋವಾಗ ಒಂದು ವಿಷಯ ಗಟ್ಟಿ ಹಿಡ್ಕೊಳ್ಳಿ. "ದೊಡ್ಡಪ್ಪ, ಚಿಕ್ಕಜ್ಜಿ, ಕಿಟ್ಟಿ ಮಾಮ" ಅಂತಷ್ಟೇ ಬರೆದ್ರೆ ಮೂವತ್ತು ವರ್ಷ ಆದ್ಮೇಲೆ ನೋಡೋರಿಗೆ ಅದು ಯಾರ ದೊಡ್ಡಪ್ಪ ಅಂತ ಗೊತ್ತಾಗಲ್ಲ. ಪೂರ್ತಿ ಹೆಸರು ಬೇಕು, ಇನಿಷಿಯಲ್ ಬಿಡಿಸಿ ಬರೀಬೇಕು, ನಮ್ಮಲ್ಲಿ ಆ ಇನಿಷಿಯಲ್‌ನಲ್ಲೇ ಊರು ಮತ್ತೆ ಅಪ್ಪನ ಹೆಸರು ಕೂತಿರತ್ತೆ. ಕರೆಯೋ ಹೆಸರು ಬೇರೆ, ಶಾಲೇಲಿ ಇದ್ದ ಹೆಸರು ಬೇರೆ, ಎರಡೂ ಬರೀರಿ. ಹೆಣ್ಮಕ್ಕಳದ್ದಂತೂ ಕೆಲವು ಮನೆಗಳಲ್ಲಿ ಮದುವೆ ದಿನನೇ ಹೆಸರು ಬದಲಾಗಿರತ್ತೆ, ತವರಿನ ಹೆಸರು ಕೇಳದೇ ಬಿಟ್ರೆ ಆ ಕಡೆ ಸಂಬಂಧ ಪೂರ್ತಿ ಕಳೆದು ಹೋಗತ್ತೆ.

ಎರಡನೇದು: ಫೋಟೋ ಯಾವಾಗ್ಲಿಂದು?

ಇದು ಪತ್ತೇದಾರಿ ಕೆಲಸ, ನಂಗಂತೂ ತುಂಬಾ ಇಷ್ಟ. ಮೊದ್ಲು ಹಿಂದುಗಡೆ ತಿರುಗಿಸಿ, ಸ್ಟುಡಿಯೋ ಸೀಲ್ ಇರತ್ತೆ. ವಿಳಾಸದಲ್ಲಿ ಆರಂಕಿ ಪಿನ್ ಕೋಡ್ ಇದ್ರೆ ಆ ಸೀಲು 1972ರ ಆಗಸ್ಟ್ 15ಕ್ಕಿಂತ ಹಿಂದಿಂದಲ್ಲ, ಯಾಕಂದ್ರೆ ಪಿನ್ ಶುರುವಾಗಿದ್ದೇ ಆವತ್ತು. "ಮೈಸೂರು ರಾಜ್ಯ" ಅಂತಿದ್ರೆ ಬಹುಶಃ 1973ರ ನವೆಂಬರ್ 1ರ ಹಿಂದಿಂದು, ಆವತ್ತು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಯ್ತು (ಹಳೇ ಸೀಲನ್ನೇ ಇನ್ನೂ ಸ್ವಲ್ಪ ವರ್ಷ ಒತ್ತಿರೋರು ಇದ್ದೇ ಇರ್ತಾರೆ, ಅದಕ್ಕೆ ಬಹುಶಃ ಅಂದಿದ್ದು). ಧಾರವಾಡ ಬೆಳಗಾವಿ ಕಡೆ ಕಾಗದಗಳಲ್ಲಿ ಬಾಂಬೆ ರಾಜ್ಯ, ಮಂಗಳೂರು ಕಡೇದ್ರಲ್ಲಿ ಮದ್ರಾಸ್ ರಾಜ್ಯ ಅಂತಿದ್ರೆ 1956ರ ನವೆಂಬರ್‌ಗೂ ಹಿಂದಕ್ಕೆ ಹೋಗಿ. ಲೆಕ್ಕದ ಪುಸ್ತಕದಲ್ಲಿ ಆಣೆ ಇದ್ಯಾ, ನಯಾ ಪೈಸೆ ಇದ್ಯಾ ನೋಡಿ, ನಯಾ ಪೈಸೆ ಬಂದಿದ್ದು 1957ರ ಏಪ್ರಿಲ್‌ನಲ್ಲಿ, ಆದ್ರೂ ಆಮೇಲೂ ಬಾಯಲ್ಲಿ ಜನ ನಾಲ್ಕಾಣೆ ಎಂಟಾಣೆ ಅಂತಾನೇ ಅಂತಿದ್ರು ಅನ್ನೋದು ನೆನಪಿರ್ಲಿ.

ಎಲ್ಲಕ್ಕಿಂತ ಚೆನ್ನಾಗಿ ಕೆಲಸಕ್ಕೆ ಬರೋದು ಲಗ್ನಪತ್ರಿಕೆ. ಎಷ್ಟೋ ಪತ್ರಿಕೆಗಳಲ್ಲಿ ಇಸವಿ ಇರಲ್ಲ, "ಶ್ರೀ ವಿಕಾರಿ ನಾಮ ಸಂವತ್ಸರದ ವೈಶಾಖ ಶುದ್ಧ" ಅಂತ ಇರತ್ತೆ. ಸಂವತ್ಸರ ಅರವತ್ತು, ಅರವತ್ತು ವರ್ಷಕ್ಕೆ ತಿರುಗಿ ಬರತ್ತೆ. ಮೊನ್ನೆ ವಿಕಾರಿ ಬಂದಿದ್ದು 2019ರ ಯುಗಾದಿಯಿಂದ 2020ರ ಯುಗಾದಿವರೆಗೆ, ಅದಕ್ಕೆ ಅರವತ್ತು ಕಳೀರಿ, 1959-60. ವೈಶಾಖ ಅಂದ್ರೆ ಏಪ್ರಿಲ್ ಕೊನೆ ಅಥ್ವಾ ಮೇ. ಹಾಗಾದ್ರೆ ಅಜ್ಜನ ಮದುವೆ 1959ರ ಬೇಸಿಗೇಲಿ, ಅಜ್ಜಿ ಬಗಲಲ್ಲಿ ಕೂಸಿರೋ ಫೋಟೋ ಅದಾದ್ಮೇಲಿಂದು. ಪತ್ರಿಕೆ ಕೆಳಗೆ "ಸುಖಾಗಮನ ಬಯಸುವವರು" ಅಂತ ಇರೋ ಹೆಸರುಗಳನ್ನ ಬಿಡ್ಬೇಡಿ, ಅಲ್ಲಿ ಅರ್ಧ ವಂಶವೃಕ್ಷ ಸಿಗತ್ತೆ. ಕ್ರೈಸ್ತರ ಮನೆಗಳಿಗೆ ಚರ್ಚಿನ ಮದುವೆ, ದೀಕ್ಷಾಸ್ನಾನದ ರಿಜಿಸ್ಟರು ಇದೇ ಕೆಲಸ ಮಾಡತ್ತೆ.

ಖಚಿತ ಇಲ್ದಿದ್ರೆ "ಅಂದಾಜು 1965" ಅಂತ ಬರೀರಿ. ಅಂದಾಜು ಅನ್ನೋದನ್ನ ಬಿಟ್ಟು ಬರೆದ್ರೆ ಮುಂದಿನೋರು ಅದನ್ನೇ ಸತ್ಯ ಅಂದ್ಕೊಳ್ತಾರೆ.

ಫೋಟೋ ಹಿಂದೆ ಬರೆಯೋದಾದ್ರೆ ಬಾಲ್ ಪೆನ್ ಬೇಡವೇ ಬೇಡ, ಒತ್ತು ಮುಂದುಗಡೆ ಎದ್ದು ಕಾಣತ್ತೆ, ಇಂಕೂ ಇಳಿಯತ್ತೆ. ಮೆತ್ತಗಿನ ಪೆನ್ಸಿಲ್ಲಲ್ಲಿ ಅಂಚಿನ ಹತ್ರ ಹಗುರವಾಗಿ ಬರೀರಿ. ಪ್ಲಾಸ್ಟಿಕ್ ಲೇಪ ಇರೋ ಆಮೇಲಿನ ಕಾಲದ ಕಲರ್ ಪ್ರಿಂಟ್ ಮೇಲೆ ಪೆನ್ಸಿಲ್ ಹತ್ತಲ್ಲ, ಅಂಥದಕ್ಕೆ ಫೋಟೋ ಇಡೋ ಕವರ್ ಮೇಲೆ ಬರೆದು ಆಮೇಲೆ ಫೋಟೋ ಒಳಗಿಡಿ.

ಮೂರನೇದು: ಗೋಡೆಯಿಂದ ಇಳಿಸೋದು, ಆಲ್ಬಮ್ಮಿಂದ ಬಿಡಿಸೋದು

ಹಾಲಲ್ಲಿ ಹಾರ ಹಾಕಿರೋ ಅಜ್ಜನ ಫೋಟೋ ಇದ್ಯಲ್ಲ, ಬಹಳ ಮನೇಲಿ ಅದೇ ಒರಿಜಿನಲ್ಲು. ದಿನಾ ಊದುಬತ್ತಿ ಹೊಗೆ, ಗಾಜಿನ ಮೇಲೆ ಕುಂಕುಮ, ಸುತ್ತ ಸೀರಿಯಲ್ ಬಲ್ಬು, ಮಧ್ಯಾಹ್ನದ ಬಿಸಿಲು. ಬೆಳಕಿಗೆ ಕಲರ್ ಫೋಟೋದ ಬಣ್ಣ ಬಿಳಚಿಕೊಳ್ಳತ್ತೆ, ಅದು ಮತ್ತೆ ವಾಪಸ್ ಬರಲ್ಲ. ಒಂದು ಒಳ್ಳೇ ಕಾಪಿ ಹಾಕಿಸಿ ಅದಕ್ಕೆ ಹಾರ ಹಾಕಿ, ಪೂಜೆ ಮಾಡಿ, ಒರಿಜಿನಲ್ ಬೀರುವಿಗೆ ಹೋಗ್ಲಿ. ಮನೇಲಿ ಹಿರಿಯರು ಒಪ್ಪಲ್ಲ ಅಂದ್ರೆ ಅಜ್ಜನ ತಿಥಿ ದಿನ ಮಾತ್ರ ಒರಿಜಿನಲ್ ಆಚೆ ಇಡೋಣ ಅಂತ ರಾಜಿ ಮಾಡ್ಕೊಳ್ಳಬಹುದು.

ಫ್ರೇಮ್ ಬಿಚ್ಚೋವಾಗ ಫೋಟೋ ಗಾಜಿಗೆ ಅಂಟಿದ್ರೆ ಎಳೀಬೇಡಿ. ಫೋಟೋದ ಮೇಲ್ಪದರ ಜೆಲಾಟಿನ್ ಅನ್ನೋ ಅಂಟಿನಂಥ ಪದಾರ್ಥ, ತೇವ ಹೀರ್ಕೊಂಡು ಗಾಜಿಗೆ ಕಚ್ಕೊಂಡಿರತ್ತೆ, ಎಳೆದ್ರೆ ಮುಖನೇ ಗಾಜಿಗೆ ಬರತ್ತೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿ ಹಾಗೇ ಇಟ್ಬಿಡಿ. ಎಪ್ಪತ್ತು ಎಂಬತ್ತರ ದಶಕದ ಅಂಟು ಆಲ್ಬಮ್ಮು, ಪ್ಲಾಸ್ಟಿಕ್ ಹಾಳೆ ಎತ್ತಿ ಫೋಟೋ ಕೂರಿಸಿ ಮುಚ್ಚೋದು, ಅದು ಮಹಾ ಕೆಟ್ಟದ್ದು, ಅದರ ಅಂಟು ಹಳದಿಯಾಗಿ ಫೋಟೋಗೂ ಇಳಿಯತ್ತೆ. ಬಿಡಿಸೋಕೆ ಡೆಂಟಲ್ ಫ್ಲಾಸ್ ದಾರನ ಫೋಟೋ ಹಿಂದೆ ತೂರಿಸಿ ಗರಗಸದ ತರ ಆಚೆ ಈಚೆ ಮೆಲ್ಲಗೆ ಎಳೀರಿ. ಬರ್ಲಿಲ್ಲಾಂದ್ರೆ ಬಲವಂತ ಬೇಡ, ಹಾಳೆ ಸಮೇತ ಸ್ಕ್ಯಾನ್.

ಕ್ಲೀನಿಂಗ್ ಅಂದ್ರೆ ಮೆತ್ತಗಿನ ಒಣ ಬ್ರಷ್ಷು, ಅಷ್ಟೇ. ಒದ್ದೆ ಬಟ್ಟೆ, ಎಂಜಲು, ಕಾಲಿನ್ ಯಾವ್ದೂ ಬೇಡ. ಹರಿದಿದ್ರೆ ಸೆಲ್ಲೋ ಟೇಪ್ ಹಚ್ಬೇಡಿ, ಫೆವಿಕಾಲ್ ಬೇಡ, ಲ್ಯಾಮಿನೇಷನ್ ಅಂತೂ ಖಂಡಿತ ಬೇಡ, ಅದನ್ನ ತಿರುಗಿ ಬಿಡಿಸೋಕಾಗಲ್ಲ. ಅಂಚಲ್ಲಿ ನೀಲಿ ಬೆಳ್ಳಿ ಹೊಳಪು ಕಂಡ್ರೆ ಗಾಬರಿ ಆಗ್ಬೇಡಿ, ಕಪ್ಪು ಬಿಳುಪು ಫೋಟೋದಲ್ಲಿ ಚಿತ್ರ ಆಗಿರೋದೇ ಬೆಳ್ಳಿ ಕಣಗಳಿಂದ, ವಯಸ್ಸಾದ್ಮೇಲೆ ಅದು ಮೇಲಕ್ಕೆ ಬರತ್ತೆ. ಒರೆಸ್ಬೇಡಿ.

ನಾಲ್ಕನೇದು: ಸ್ಕ್ಯಾನಿಂಗ್

ಗಾಜಿನ ಮೇಲೆ ಮಲಗಿಸೋ ಫ್ಲಾಟ್‌ಬೆಡ್ ಸ್ಕ್ಯಾನರ್ ಬೇಕು. ಝೆರಾಕ್ಸ್ ಅಂಗಡಿಗೆ ಹೋದ್ರೆ ಮೇಲಿಂದ ಹಾಳೆ ಎಳ್ಕೊಳ್ಳೋ ಮೆಷಿನ್ನಿಗೆ ಹಾಕೋಕೆ ಬಿಡ್ಬೇಡಿ. ಪೋಸ್ಟ್ ಕಾರ್ಡ್ ಸೈಜಿಗೆ 600 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆ ಅನ್ನೋ ಲೆಕ್ಕ, ಸ್ಕ್ಯಾನರ್ ಸೆಟ್ಟಿಂಗಲ್ಲಿ ಇರತ್ತೆ), ಪಾಸ್‌ಪೋರ್ಟ್ ಸೈಜಿಗೆ 1200, ದೊಡ್ಡ ಗ್ರೂಪ್ ಫೋಟೋಗೆ 300 ಸಾಕು ಅಂತಾರೆ, ಆದ್ರೆ ಗ್ರೂಪಲ್ಲಿ ಒಂದೊಂದು ಮುಖ ಕಡ್ಲೆಕಾಳಷ್ಟು ಇರೋದ್ರಿಂದ ನಾನು ಅದಕ್ಕೂ 600 ಅಂತೀನಿ. ಕಪ್ಪು ಬಿಳುಪಾದ್ರೂ ಕಲರ್ ಮೋಡಲ್ಲೇ ಮಾಡಿ. ಹಿಂದುಗಡೆನೂ ಸ್ಕ್ಯಾನ್ ಮಾಡಿ.

ನೆಗೆಟಿವ್ ಸಿಕ್ರೆ ಪ್ರಿಂಟಿಗಿಂತ ಅದೇ ಮೇಲು. ಆ ಕಾಲದಲ್ಲಿ ನಮ್ಮಲ್ಲಿ ಬಹಳ ಓಡಾಡಿದ ಆಗ್ಫಾ ಕ್ಲಿಕ್ ತ್ರೀ ಕ್ಯಾಮೆರಾದಲ್ಲಿ ಒಂದು ರೋಲಿಗೆ ಹನ್ನೆರಡು ಚೌಕಾಕಾರದ ಫೋಟೋ ಬರ್ತಿತ್ತು, ಆ ನೆಗೆಟಿವ್ ಸುಮಾರು 6 ಸೆಂಟಿಮೀಟರ್ ಅಗಲ, 2400 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದ್ರೆ ಗೋಡೆಗೆ ಹಾಕೋ ಸೈಜಿಗೆ ಪ್ರಿಂಟ್ ತೆಗೀಬಹುದು. ಫಿಲ್ಮ್ ಹಿಡಿಯೋ ಸ್ಕ್ಯಾನರ್ ಎಲ್ಲಾ ಕಡೆ ಇರಲ್ಲ, ಹಳೇ ಸ್ಟುಡಿಯೋದವ್ರನ್ನ ಕೇಳಿ.

ಸ್ಕ್ಯಾನರ್ ಸಿಗ್ಲಿಲ್ಲ ಅಂದ್ರೆ ಮೊಬೈಲೂ ಆಗತ್ತೆ. ಕಿಟಕಿ ಪಕ್ಕ ನೇರ ಬಿಸಿಲು ಬೀಳದ ಕಡೆ ಕಪ್ಪು ಬಟ್ಟೆ ಮೇಲೆ ಫೋಟೋ ಇಟ್ಟು, ಫ್ಲ್ಯಾಷ್ ಆಫ್ ಮಾಡಿ ಸರಿಯಾಗಿ ಮೇಲಿಂದ ಹೊಡೀರಿ. ಗ್ಲೇರ್ ಬರ್ತಿದ್ರೆ ಗೂಗಲ್‌ನ ಫೋಟೋಸ್ಕ್ಯಾನ್ ಆಪ್ ಇದೆ, ಬೇರೆ ಬೇರೆ ಕೋನದಿಂದ ತೆಗೆದು ಜೋಡಿಸಿ ಹೊಳಪು ತೆಗೆಯತ್ತೆ.

ಈಗ ಎಐ ಹಾವಳಿ ಬಗ್ಗೆ ಒಂದ್ಮಾತು. ಮಸುಕಾದ ಫೋಟೋ ಹಾಕಿದ್ರೆ ಫಳಫಳ ಅನ್ನೋ ಕಲರ್ ಫೋಟೋ ಕೊಡತ್ತೆ, ಗ್ರೂಪಲ್ಲಿ ಎಲ್ರೂ ಹಾರ್ಟ್ ಒತ್ತುತಾರೆ, ಆದ್ರೆ ಆ ಕಣ್ಣು ಮೂಗು ಅದು ಊಹೆ ಮಾಡಿ ಕೂರಿಸಿದ್ದು, ನಿಮ್ಮ ಅಜ್ಜಂದಲ್ಲ. ಬೇಕಾದ್ರೆ ಮಾಡ್ಕೊಳ್ಳಿ, ಫೈಲ್ ಹೆಸರಲ್ಲಿ "ಎಐ" ಅಂತ ಹಾಕಿ, ಒರಿಜಿನಲ್ ಸ್ಕ್ಯಾನ್ ಮೇಲೆ ಮಾತ್ರ ಸೇವ್ ಮಾಡ್ಬೇಡಿ.

ಐದನೇದು: ಫೈಲು, ಬ್ಯಾಕಪ್ಪು

ಸ್ಕ್ಯಾನ್ ಸೇವ್ ಮಾಡೋವಾಗ ಇಟ್ಕೊಳ್ಳೋಕೆ ಟಿಫ್ (TIFF, ವಿವರ ಕಳ್ಕೊಳ್ಳದ ದೊಡ್ಡ ಫೈಲು), ಹಂಚೋಕೆ ಜೆಪೆಗ್ (JPEG, ಹಿಂಡಿದ ಚಿಕ್ಕ ಫೈಲು). ಹೆಸರು ಇಸವಿಯಿಂದ ಶುರುವಾಗ್ಲಿ, ಆಗ ತಾನಾಗೇ ಸಾಲಾಗಿ ಕೂರತ್ತೆ: ಮೊದ್ಲು ಇಸವಿ, ಆಮೇಲೆ ಊರು, ಸಂದರ್ಭ, ಚೀಟಿ ನಂಬರ್. ಅದೇ ನಂಬರ್ ಅಜ್ಜಿ ರೆಕಾರ್ಡಿಂಗ್ ಫೈಲಿಗೂ ಇರ್ಲಿ. ಮೂರು ಕಾಪಿ ಬೇಕು, ಎರಡು ಬೇರೆ ಬೇರೆ ತರದ ಜಾಗದಲ್ಲಿ, ಒಂದಂತೂ ಬೇರೆ ಮನೇಲಿ. ಅಂದ್ರೆ ನಿಮ್ಮ ಲ್ಯಾಪ್‌ಟಾಪಲ್ಲಿ ಒಂದು, ಊರಲ್ಲಿ ಚಿಕ್ಕಪ್ಪನ ಮನೇಲಿ ಹಾರ್ಡ್ ಡಿಸ್ಕಲ್ಲಿ ಒಂದು, ಕ್ಲೌಡಲ್ಲಿ ಒಂದು. ಗೂಗಲ್ ಫೋಟೋಸ್‌ನ ಅನ್‌ಲಿಮಿಟೆಡ್ ಕಾಲ 2021ರ ಜೂನ್‌ಗೆ ಮುಗೀತು, ಈಗ ಮೇಲ್ ಎಲ್ಲಾ ಸೇರಿ ಫ್ರೀ ಜಾಗ 15 ಜಿಬಿ. ವಾಟ್ಸಾಪ್ ಗ್ರೂಪ್ ಬ್ಯಾಕಪ್ ಅಲ್ಲ, ಅಲ್ಲಿ ಫೋಟೋ ಹಿಂಡಿ ಚಿಕ್ಕದಾಗತ್ತೆ, ಕಳಿಸ್ಲೇಬೇಕು ಅಂದ್ರೆ ಡಾಕ್ಯುಮೆಂಟ್ ಅಂತ ಕಳ್ಸಿ.

ಒರಿಜಿನಲ್ ಎಲ್ಲಿಡೋದು?

ಅಟ್ಟ ಬೇಡ, ಹೆಂಚಿನ ಬಿಸಿ. ಹೊರಗೋಡೆಗೆ ತಾಗಿರೋ ಕಪಾಟು ಬೇಡ, ಮಳೆಗಾಲದಲ್ಲಿ ತೇವ. ಮಲೆನಾಡು, ಕರಾವಳಿಯೋರಿಗೆ ಹೇಳ್ಬೇಕಾಗಿಲ್ಲ, ಜೂನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೇ ಬೂಷ್ಟು ಬರತ್ತೆ, ಜೆಲಾಟಿನ್ ಅಂದ್ರಂತೂ ಬೂಷ್ಟಿಗೆ ಹಬ್ಬದೂಟ. ಮನೆ ಒಳಗಿನ ಕೋಣೇಲಿ, ನೆಲದಿಂದ ಮೇಲೆ, ಸ್ಟೀಲ್ ಬೀರುವಲ್ಲಿ ಇಡಿ. ಒಂದೊಂದು ಫೋಟೋ ಆಸಿಡ್ ಇಲ್ಲದ ಕಾಗದದ ಕವರಲ್ಲಿ, ಎಲ್ಲಾ ಸೇರಿ ಮುಚ್ಚಳ ಇರೋ ಡಬ್ಬೀಲಿ, ಜೊತೆಗೆ ತೇವ ಹೀರೋ, ಬಣ್ಣ ಬದಲಾಗೋ ತರದ ಸಿಲಿಕಾ ಜೆಲ್, ಬಣ್ಣ ಬದಲಾದ ತಕ್ಷಣ ಒಣಗಿಸಿ ಅಥ್ವಾ ಬದಲಾಯಿಸಿ. ಪ್ಲಾಸ್ಟಿಕ್ ಕವರ್ ಆದ್ರೆ ಪಾಲಿಪ್ರಾಪಿಲೀನ್ ಪರ್ವಾಗಿಲ್ಲ, ಹೊಸ ರೇನ್‌ಕೋಟ್ ವಾಸನೆ ಬರೋ ಪಿವಿಸಿ ಬೇಡ. ನುಸಿಗುಳಿಗೆನ ಫೋಟೋ ಡಬ್ಬಿ ಒಳಗೆ ಹಾಕ್ಬೇಡಿ. ರಬ್ಬರ್ ಬ್ಯಾಂಡು, ಗುಂಡುಪಿನ್ನು ಇದ್ರೆ ಮೊದ್ಲು ತೆಗೀರಿ. ದಸರಾ ಹೊತ್ತಿಗೆ ಮಳೆ ಬಿಟ್ಟ ಮೇಲೆ ವರ್ಷಕ್ಕೊಂದ್ಸಲ ತೆಗೆದು ನೋಡಿ, ಗೆದ್ದಲು, ಬೆಳ್ಳಿ ಬಣ್ಣದ ಹುಳ ಏನಾದ್ರೂ ಇದ್ರೆ ಆಗ್ಲೇ ಗೊತ್ತಾಗತ್ತೆ.

ನೀರು ನುಗ್ಗಿದ್ರೆ? 2018ರಲ್ಲಿ ಕೊಡಗಲ್ಲಿ, 2019ರಲ್ಲಿ ಬೆಳಗಾವಿ ಬಾಗಲಕೋಟೆ ಕಡೆ ಪ್ರವಾಹ ಬಂದಾಗ ಎಷ್ಟೋ ಮನೆಗಳ ಆಲ್ಬಮ್ ಹೋಯ್ತು. ಒದ್ದೆ ಫೋಟೋ ಒಂದಕ್ಕೊಂದು ಅಂಟ್ಕೊಂಡು ಒಣಗೋಕೆ ಬಿಡ್ಬಾರ್ದು. ಶುದ್ಧ ತಣ್ಣೀರಲ್ಲಿ ಮೆಲ್ಲಗೆ ಅದ್ದಿ ಕೆಸರು ಬಿಡಿಸಿ, ಚಿತ್ರ ಇರೋ ಕಡೆ ಮುಟ್ಟದೆ, ಬಿಳಿ ಬಟ್ಟೆ ಮೇಲೆ ಚಿತ್ರ ಮೇಲೆ ಮಾಡಿ ನೆರಳಲ್ಲಿ ಒಣಗಿಸಿ. ಎರಡು ದಿನದೊಳಗೆ ಆಗಲ್ಲ ಅನ್ಸಿದ್ರೆ ಜಿಪ್ ಕವರಲ್ಲಿ ಹಾಕಿ ಫ್ರೀಜರಲ್ಲಿಡಿ, ಪುರುಸೊತ್ತಾದಾಗ ತೆಗೆದು ಕರಗಿಸಿ ಮಾಡಬಹುದು.

ಕೊನೇದಾಗಿ ಒರಿಜಿನಲ್ ಯಾರ ಹತ್ರ ಇರ್ಬೇಕು ಅನ್ನೋ ತಕರಾರು ಬಂದೇ ಬರತ್ತೆ, ಹಂಚಿ ಚದುರಿಸ್ಬೇಡಿ, ಯಾರ ಮನೆ ಒಣಗಿರತ್ತೋ ಯಾರು ವರ್ಷಕ್ಕೊಂದ್ಸಲ ಡಬ್ಬಿ ತೆಗೆದು ನೋಡ್ತಾರೋ ಅವ್ರಿಗೆ ಎಲ್ಲಾ ಒಟ್ಟಿಗೆ ಕೊಡಿ, ಉಳಿದೋರಿಗೆ ಒಳ್ಳೇ ಪ್ರಿಂಟು ಮತ್ತೆ ಪೆನ್ ಡ್ರೈವು. ಕ್ಲೌಡಿನ ಪಾಸ್‌ವರ್ಡ್ ಕನಿಷ್ಠ ಇಬ್ರಿಗೆ ಗೊತ್ತಿರ್ಲಿ.